ತಗಡಿನ ‘ರ’

ಸೋಮವಾರ ಸಂಜೆ ಮುಖಪುಟ ಮಾಡುತ್ತಿದ್ದ ಹುಡುಗಿ ಬೆಂಗಳೂರಿನಿಂದ ಫೋನ್ ಮಾಡಿದಾಗ ನಾನು ಕಾರವಾರದ ಕೋಡಿಬಾಗದ ಮನೆಯ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. “ಮೇಡಂ, ಪುಸ್ತಕದ ಬೆನ್ನಿನ ಕೆಳತುದಿಯಲ್ಲಿ ಏನು ಹಾಕಲಿ? ಶನಿವಾರ ಫೈಲ್ ಮುದ್ರಣಕ್ಕೆ ಹೋಗಬೇಕು” ಎಂದಳು. ನನ್ನ ಮೊದಲ ಎರಡು ಕಥಾಸಂಕಲನಗಳಲ್ಲಿ ಆ ಜಾಗದಲ್ಲಿ ಪ್ರಕಾಶಕರ ಲಾಂಛನವಿತ್ತು. ಮೂರನೆಯದನ್ನು ನಾನೇ ಪ್ರಕಟಿಸುತ್ತಿದ್ದೆ. ಖಾಲಿ ಬಿಟ್ಟರೂ ನಡೆಯುತ್ತದೆ ಎಂದು ಅವಳೇ ಸಮಾಧಾನ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ.

ಬರೆದದ್ದಕ್ಕೆ ಗುರುತು ಹಾಕುವುದು ಕನ್ನಡದವರಿಗೆ ಹೊಸದಲ್ಲ. ‘ಕೂಡಲಸಂಗಮದೇವ’ ಎಂದು ಕಿವಿಗೆ ಬಿದ್ದರೆ ಬಸವಣ್ಣನವರು, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕ, ‘ಪುರಂದರ ವಿಠಲ’ ಎಂದರೆ ದಾಸರು. ಓಲೆಗರಿ ಎಷ್ಟು ಕೈ ದಾಟಿದರೂ ಅಂಕಿತವೊಂದು ಉಳಿದರೆ ಸಾಕು, ವಚನ ಯಾರ ಮನೆಯದೆಂದು ತಿಳಿಯುತ್ತದೆ. ಕಥೆಗಾರರಿಗೆ ಈ ಸೌಕರ್ಯವಿಲ್ಲ. ಕಥೆಯ ಕೊನೆಯಲ್ಲಿ ನಾನು ಬಂದು ನಿಲ್ಲುವಂತಿಲ್ಲ, ನಿಂತರೆ ಕಥೆ ಕೆಡುತ್ತದೆ. ಒಳಗೆ ಜಾಗವಿಲ್ಲದಿದ್ದರೆ ಬೇಡ, ಹೊರಗೆ, ಪುಸ್ತಕದ ಬೆನ್ನಿನ ಮೇಲಾದರೂ ನನ್ನದೆನ್ನುವ ಒಂದು ಅಂಕಿತ ಇರಲಿ ಎಂಬುದು ನನ್ನ ಆಸೆಯಾಗಿತ್ತು.

ಆ ರಾತ್ರಿಯೇ ಕುಳಿತೆ. ಮೊದಲು ಬಂದದ್ದು ಶಾಯಿ ಪೆನ್ನಿನ ಮುಳ್ಳು. ಆಮೇಲೆ ದೌತಿ, ನವಿಲುಗರಿ, ತೆರೆದಿಟ್ಟ ಪುಸ್ತಕ, ಪುಸ್ತಕದ ಹಾಳೆಗಳೇ ಹಕ್ಕಿಯಾಗಿ ಹಾರುವುದು. ಅಂತರ್ಜಾಲದಲ್ಲಿ ಸಿದ್ಧ ಮಾದರಿಗಳನ್ನು ಕೊಡುವ ತಾಣಗಳೂ ಇವೆ, ಹೆಸರು ತುಂಬಿಸಿದರೆ ಐದು ನಿಮಿಷದಲ್ಲಿ ಲಾಂಛನ ಕೈಗೆ ಬರುತ್ತದೆ. ಆದರೆ ಆ ಹಕ್ಕಿಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಎಲ್ಲರಿಗೂ ಸಿಗುವುದು ನನ್ನೊಬ್ಬಳ ಗುರುತಾಗುವುದು ಹೇಗೆ? ಮಗಳು ಪರದೆಯನ್ನು ಇಣುಕಿ ನೋಡಿ, “ಅಮ್ಮಾ, ಇದು ಟ್ಯೂಷನ್ ಕ್ಲಾಸಿನ ಬೋರ್ಡಿನ ಹಾಗಿದೆ” ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ನಾನು ಶಾಯಿ ಪೆನ್ನು ಹಿಡಿದು ಹದಿನೈದು ವರ್ಷವಾಗಿರಬೇಕು. ಕಥೆ ಬರೆಯುವುದೆಲ್ಲ ಕೀಲಿಮಣೆಯಲ್ಲಿ. ಲೇಖಕಿಯೆಂದರೆ ಹೀಗಿರಬೇಕು ಎಂದು ಯಾರೋ ಎಂದೋ ತೀರ್ಮಾನಿಸಿದ ಚಿತ್ರವನ್ನು ನಾನು ಮತ್ತೆ ಬರೆಯುತ್ತಿದ್ದೆ.

ಮಂಗಳವಾರ ಲಂಗರು ಬರೆದೆ. ಕಾರವಾರದಲ್ಲಿ ಇದ್ದು ಲಂಗರಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಬಂದರು, ನೌಕಾನೆಲೆ, ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಯುದ್ಧನೌಕೆ, ಎಲ್ಲಿ ತಿರುಗಿದರೂ ಅದೇ. ಪುಸ್ತಕಕ್ಕೂ ಲಂಗರಿಗೂ ಹಳೆಯ ನಂಟು ಬೇರೆ. ವೆನಿಸ್‌ನ ಮುದ್ರಕ ಆಲ್ಡಸ್ ಮನುಶಿಯಸ್ 1502ರಲ್ಲಿಯೇ ಲಂಗರಿಗೆ ಸುತ್ತಿಕೊಂಡ ಡಾಲ್ಫಿನ್ ಅನ್ನು ತನ್ನ ಪುಸ್ತಕಗಳ ಮೇಲೆ ಹಾಕಲು ತೊಡಗಿದ್ದ. ಅವನ ಪುಸ್ತಕಗಳನ್ನು ಕದ್ದು ಅಚ್ಚು ಹಾಕಿದ ಫ್ಲಾರೆನ್ಸಿನವರು ಲಾಂಛನವನ್ನೂ ನಕಲು ಮಾಡಿದರು, ಆದರೆ ಡಾಲ್ಫಿನ್ನಿನ ಮುಖವನ್ನು ಬಲಕ್ಕೆ ಬದಲು ಎಡಕ್ಕೆ ತಿರುಗಿಸಿಬಿಟ್ಟರು. ಕಳ್ಳತನ ಗೊತ್ತಾದದ್ದು ಹಾಗೆ. ಈ ಸಂಗತಿಯನ್ನು ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಮೀನಿನ ಮುಖ ಯಾವ ಕಡೆಗಿದೆ ಎಂಬಷ್ಟು ಸಣ್ಣ ಸಂಗತಿಯಲ್ಲಿ ಒಬ್ಬ ಮನುಷ್ಯನ ದುಡಿಮೆಯ ಮಾನ ನಿಂತಿತ್ತು! ಆದರೆ ಲಂಗರು ನನ್ನದಲ್ಲ. ಮದುವೆಯಾಗಿ ಈ ಊರಿಗೆ ಬಂದವಳು ನಾನು. ಸಮುದ್ರವನ್ನು ದಿನವೂ ನೋಡುತ್ತೇನೆ, ಅದರ ಕೆಲಸ ಗೊತ್ತಿಲ್ಲ. ಲಂಗರು ಹಾಕುವ ಹಗ್ಗದ ಭಾರ ನನ್ನ ಕೈಗೆ ತಿಳಿಯದು. ಅಳಿಸಿದೆ.

1935ರಲ್ಲಿ ಪೆಂಗ್ವಿನ್ ಪ್ರಕಾಶನ ಶುರುವಾದಾಗ ಅದರ ಹಕ್ಕಿಯನ್ನು ಬರೆದವನು ಎಡ್ವರ್ಡ್ ಯಂಗ್ ಎಂಬ ಇಪ್ಪತ್ತೊಂದು ವರ್ಷದ ಹುಡುಗ. ಮೇಜಿನ ಮುಂದೆ ಕುಳಿತು ಕಲ್ಪಿಸಿಕೊಳ್ಳದೆ, ಲಂಡನ್ನಿನ ಪ್ರಾಣಿಸಂಗ್ರಹಾಲಯಕ್ಕೆ ಹೋಗಿ ಹಕ್ಕಿಯನ್ನು ನೋಡಿಯೇ ಬರೆದು ತಂದ. ಬುಧವಾರ ಇಡೀ ದಿನ ನನ್ನ ತಲೆಯಲ್ಲಿ ಇದೇ ಇತ್ತು. ನಾನು ಹೋಗಿ ನೋಡಬೇಕಾದದ್ದು ಯಾವುದು?

ಗುರುವಾರ ಅಪ್ಪಯ್ಯನ ತಿಥಿ. ಬೆಳಗಿನ ಬಸ್ಸಿನಲ್ಲಿ ಕುಮಟಾಕ್ಕೆ ಹೋಗಿ, ದೇವಿಮನೆ ಘಟ್ಟ ಹತ್ತಿ, ಶಿರಸಿಯಿಂದ ಮುಂದಿನ ನಮ್ಮ ಹಳ್ಳಿ ತಲುಪುವಾಗ ಭಟ್ಟರು ಆಗಲೇ ಬಂದಿದ್ದರು. ಊಟವಾಗಿ ಎಲ್ಲರೂ ಜಗಲಿಯಲ್ಲಿ ಅಡ್ಡಾದ ಮೇಲೆ ಆಯಿ, “ಮೆತ್ತಿನ ಮೇಲೆ ಹಳೆಯ ಹಂಡೆ ಇದೆ, ಬೇಕಾದರೆ ತೆಗೆದುಕೊಂಡು ಹೋಗು” ಎಂದಳು. ಹಂಡೆ ಸಿಕ್ಕಿತು. ಅದರ ಹಿಂದೆ ಗೋಡೆಗೆ ಒರಗಿಸಿಟ್ಟ ಒಂದು ತಗಡು ಇತ್ತು.

ಎರಡು ಅಂಗೈಯಷ್ಟು ಅಗಲ. ಎಣ್ಣೆ ಡಬ್ಬಿಯನ್ನು ಕತ್ತರಿಸಿ ಮಾಡಿದ್ದು. ಅಂಚು ಕೈಗೆ ತಾಗದಿರಲೆಂದು ನಾಲ್ಕೂ ಕಡೆ ಸುತ್ತಿಗೆಯಿಂದ ಬಡಿದು ಮಡಚಿದ್ದರು. ನಡುವೆ ಕೊರೆದ ಒಂದು ‘ರ’. ಅಡಿಕೆ ಚೀಲಗಳನ್ನು ವಖಾರಿಗೆ ಕಳಿಸುವ ಮೊದಲು ಅಪ್ಪಯ್ಯ ಗೋಣಿಯ ಮೇಲೆ ಈ ತಗಡನ್ನು ಒತ್ತಿ ಹಿಡಿದು, ಚಿಂದಿ ಬಟ್ಟೆಯ ಉಂಡೆಯನ್ನು ಕಪ್ಪು ಬಣ್ಣದಲ್ಲಿ ಅದ್ದಿ ತಟ್ಟುತ್ತಿದ್ದರು. ಚಾಲಿಗೂ ಅದೇ, ಕೆಂಪಡಿಕೆಗೂ ಅದೇ. ಅಪ್ಪಯ್ಯನ ಹೆಸರಿನ ಮೊದಲಕ್ಷರ ಅದು, ನನ್ನದೂ ಅದೇ. ಕೊರೆದ ಅಂಚಿನಲ್ಲಿ ವರ್ಷಗಟ್ಟಲೆ ಕೂತ ಬಣ್ಣ ಕಪ್ಪು ಹೆಕ್ಕಳಿಕೆಯಾಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತಿತ್ತು.

‘ರ’ ಎಂದರೆ ಒಂದು ಸೊನ್ನೆ, ಮೇಲೊಂದು ತಲೆಕಟ್ಟು. ಶಾಲೆಯಲ್ಲಿ ರ, ಗ, ಸ, ದ, ಅ ಎಂದು ಕಲಿಯಲು ಶುರು ಮಾಡುವುದೂ ಅದರಿಂದಲೇ. ಆದರೆ ತಗಡಿನಲ್ಲಿ ಸೊನ್ನೆಯನ್ನು ಪೂರ್ತಿ ಕೊರೆದರೆ ಒಳಗಿನ ಬಿಲ್ಲೆ ಉದುರಿ ಬೀಳುತ್ತದೆ. ಬಣ್ಣ ತಟ್ಟಿದರೆ ಬರುವುದು ಕಪ್ಪು ಉಂಡೆ. ಅದಕ್ಕಾಗಿ ಎಡಕ್ಕೊಂದು ಬಲಕ್ಕೊಂದು ಸಪೂರವಾದ ಪಟ್ಟಿಯನ್ನು ಕೊರೆಯದೆ ಬಿಟ್ಟಿರುತ್ತಾರೆ. ಅವೆರಡೇ ಬಿಲ್ಲೆಯನ್ನು ಹಿಡಿದುಕೊಂಡಿರುವುದು. ಚೀಲದ ಮೇಲೆ ಅವು ಬಣ್ಣವಿಲ್ಲದ ಎರಡು ಕಿಂಡಿಗಳಾಗಿ ಕಾಣುತ್ತಿದ್ದವು. ಒಂದನೆಯ ತರಗತಿಯಲ್ಲಿ ನಾನು ಸ್ಲೇಟಿನ ಮೇಲೆ ‘ರ’ವನ್ನು ಎರಡು ಕಡೆ ಕಿಂಡಿ ಬಿಟ್ಟೇ ಬರೆಯುತ್ತಿದ್ದೆ. ಅಕ್ಕೋರು ದಿನವೂ ಕೂಡಿಸಿ ತೋರಿಸುತ್ತಿದ್ದರು. ಮನೆಗೆ ಬಂದು ಕೇಳಿದಾಗ ಅಪ್ಪಯ್ಯ ತಗಡನ್ನು ಬೆಳಕಿಗೆ ಹಿಡಿದು, “ಈ ಎರಡು ಇಲ್ಲದಿದ್ದರೆ ಅಕ್ಷರ ನಿಲ್ಲುವುದಿಲ್ಲ ಕೂಸೇ” ಎಂದಿದ್ದರು.

ತಗಡನ್ನು ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಹಂಡೆಯನ್ನು ಅಲ್ಲಿಯೇ ಬಿಟ್ಟು ಬಂದೆ.

ಶಿರಸಿಯಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಮಾರಿಕಾಂಬೆಯ ಗುಡಿಗೆ ಹೋದೆ. 1688ರಲ್ಲಿ ಸ್ಥಾಪನೆಯಾದ ಗುಡಿಯದು. ಚಿಕ್ಕಂದಿನಿಂದ ಎಷ್ಟೋ ಸಲ ಹೋಗಿದ್ದೇನೆ, ಜಾತ್ರೆಯ ನೂಕುನುಗ್ಗಲಿನಲ್ಲಿ ಗೋಡೆ ನೋಡಿದ್ದು ಕಡಿಮೆ. ಅವತ್ತು ಜನವಿರಲಿಲ್ಲ, ಕಾವಿ ಚಿತ್ರಗಳ ಮುಂದೆ ನಿಂತೆ. ಕಾವಿ ಕಲೆ ಗೋವೆಯಿಂದ ನಮ್ಮ ಕರಾವಳಿಯವರೆಗೆ ಹಬ್ಬಿದ್ದು. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಹದ ಮಾಡಿ ಗೋಡೆಗೆ ಗಿಲಾವು ಮಾಡುತ್ತಾರೆ. ಅದರ ಮೇಲೆ ಕೆಮ್ಮಣ್ಣಿನ ಪದರ. ಹಸಿ ಇರುವಾಗಲೇ ಮೊನಚಾದ ಉಕ್ಕಿನ ಕಡ್ಡಿಯಿಂದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಕಾಣುತ್ತದೆ, ಅದೇ ಚಿತ್ರ. ಹತ್ತಿರ ಹೋಗಿ ನೋಡಿದರೆ ಗೆರೆ ಉಬ್ಬಿಲ್ಲ, ತಗ್ಗಿದೆ. ಬಣ್ಣ ಹಚ್ಚಿ ಮಾಡಿದ ಗೆರೆಯಲ್ಲ ಅದು, ಬಣ್ಣ ತೆಗೆದು ಮಾಡಿದ ಗೆರೆ. ಕೆರೆಯದೆ ಬಿಟ್ಟ ಕೆಂಪು ಒಂದರಿಂದ ಒಂದಕ್ಕೆ ಕೂಡಿಕೊಂಡು ಇಡೀ ಗೋಡೆಯನ್ನು ಹಿಡಿದು ನಿಂತಿತ್ತು.

ನನ್ನ ಚೀಲದಲ್ಲಿ ಇದ್ದದ್ದೂ ಅದೇ! ಮೆತ್ತಿನಿಂದ ಇಳಿಯುವಾಗ ನಾನು ಚೀಲದ ಮೇಲೆ ಬೀಳುವ ಕಪ್ಪು ಅಕ್ಷರವನ್ನೇ ಲಾಂಛನ ಮಾಡಬೇಕೆಂದು ಯೋಚಿಸಿದ್ದೆ. ಗೋಡೆಯ ಮುಂದೆ ನಿಂತಾಗ ಅಚ್ಚಿಗಿಂತ ತಗಡೇ ಸರಿ ಎಂದು ಹೊಳೆಯಿತು. ಕಾವಿಗೆಂಪಿನ ಒಂದು ಚೌಕ, ಅದರೊಳಗೆ ಕೆರೆದು ತೆಗೆದ ಬಿಳಿ ‘ರ’, ನಡುವಿನ ಬಿಲ್ಲೆಯನ್ನು ಹಿಡಿದ ಎರಡು ಕೆಂಪು ಪಟ್ಟಿ. ನಾನು ಕಥೆ ಬರೆಯುವುದೂ ಹೆಚ್ಚುಕಡಿಮೆ ಹೀಗೆಯೇ. ಮೊದಲ ಕರಡು ಮೂವತ್ತು ಪುಟವಿದ್ದರೆ ಅಚ್ಚಿಗೆ ಹೋಗುವುದು ಹನ್ನೆರಡು. ಉಳಿದದ್ದನ್ನೆಲ್ಲ ಕೆರೆದು ತೆಗೆಯುತ್ತೇನೆ, ಕಥೆಯನ್ನು ಹಿಡಿದಿಡುವ ಒಂದೆರಡು ಸಾಲನ್ನು ಮಾತ್ರ ಎಷ್ಟು ಕೈ ತುರಿಸಿದರೂ ಮುಟ್ಟುವುದಿಲ್ಲ.

ಶುಕ್ರವಾರ ಮೊದಲು ರಟ್ಟಿನಲ್ಲಿ ಬ್ಲೇಡಿನಿಂದ ಕೊರೆದು ನೋಡಿದೆ. ಆಮೇಲೆ ಇಂಕ್‌ಸ್ಕೇಪ್‌ನಲ್ಲಿ ಬರೆದೆ. ಅದು ಉಚಿತ ತಂತ್ರಾಂಶ. ಚಿತ್ರವನ್ನು ಚುಕ್ಕಿಗಳಾಗಿ ಇಡದೆ ಗೆರೆಗಳ ಲೆಕ್ಕವಾಗಿ ಇಡುತ್ತದೆ, ಹಾಗಾಗಿ ಬಸ್ಸಿನಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅಕ್ಷರಕ್ಕೆ ಯಾವ ಫಾಂಟನ್ನೂ ಬಳಸಲಿಲ್ಲ, ತಗಡಿನ ಫೋಟೋದ ಮೇಲೆಯೇ ಗೆರೆ ಎಳೆದೆ. ಫಾಂಟುಗಳಿಗೂ ಪರವಾನಗಿಯ ನಿಯಮಗಳಿರುತ್ತವೆ, ಕೈಯಾರೆ ಬರೆದದ್ದಕ್ಕೆ ಆ ತೊಡಕಿಲ್ಲ.

ದೊಡ್ಡದಾಗಿ ಚೆಂದವಿತ್ತು. ಸಣ್ಣದು ಮಾಡಿದಾಗ ಕೆಟ್ಟಿತು. ನನ್ನ ಪುಸ್ತಕದ ಬೆನ್ನು ಒಂಬತ್ತು ಮಿಲಿಮೀಟರ್, ಲಾಂಛನಕ್ಕೆ ಸಿಗುವುದು ಆರು. ಅಷ್ಟರಲ್ಲಿ ಪಟ್ಟಿಗಳು ಮಾಯವಾಗಿ ಒಳಗಿನ ಬಿಲ್ಲೆ ತೇಲಾಡುತ್ತಿತ್ತು. ಜೆರಾಕ್ಸ್ ಅಂಗಡಿಗೆ ಹೋಗಿ ಒಂದೇ ಹಾಳೆಯಲ್ಲಿ ಏಳೆಂಟು ಅಳತೆಯಲ್ಲಿ ತೆಗೆಸಿಕೊಂಡು ಬಂದೆ. ಪಟ್ಟಿಯನ್ನು ದಪ್ಪ ಮಾಡಿದೆ, ತಲೆಕಟ್ಟಿನ ಬಾಲವನ್ನು ಮೊಂಡು ಮಾಡಿದೆ, ಮತ್ತೆ ತೆಗೆಸಿದೆ. ಮೂರು ಸಲ ಹೋದೆ. ಜಾಲತಾಣದ ಮೂಲೆಯಲ್ಲಿ ಬರುವ ಹದಿನಾರು ಚುಕ್ಕಿ ಅಗಲದ ಗುರುತಿಗೆ ಬೇರೆಯದೇ ಆವೃತ್ತಿ ಬೇಕಾಯಿತು. ಅಲ್ಲಿ ಒಂದು ಚುಕ್ಕಿಗಿಂತ ಸಪೂರವಾದದ್ದಕ್ಕೆ ಜಾಗವೇ ಇಲ್ಲ. ಕೆಂಪಿನದು, ಬರೀ ಕಪ್ಪಿನದು ಎಂದು ಎರಡು ಫೈಲ್ ಉಳಿಸಿದೆ. ಮಗಳು ಮೊಬೈಲ್ ಹಿಡಿದು ಕೋಣೆಯ ಆ ತುದಿಗೆ ಹೋಗಿ ನಿಂತಳು. ‘ರ’ ಕಾಣುತ್ತಿತ್ತು.

ನೋಂದಣಿಯ ವಿಷಯವನ್ನೂ ವಿಚಾರಿಸಿದ್ದೆ. ಸ್ವಂತವಾಗಿ ಬರೆದ ಚಿತ್ರದ ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ನಮ್ಮದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿದರೆ ಹತ್ತು ವರ್ಷದ ರಕ್ಷಣೆ, ಆಮೇಲೆ ನವೀಕರಿಸಬಹುದು. ಒಂದು ಪುಸ್ತಕಕ್ಕೆ ಸದ್ಯ ಅದು ಬೇಡವೆನಿಸಿತು.

ರಾತ್ರಿ ಊಟದ ಮೇಲೆ ಅಣ್ಣನಿಗೆ ಚಿತ್ರ ಕಳಿಸಿದೆ. ಕೂಡಲೇ ಫೋನ್ ಮಾಡಿದ. “ಅಪ್ಪಯ್ಯನ ತಗಡಲ್ಲವೇ ಇದು!” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ತಂಗಿ, ಎರಡು ಪಟ್ಟಿ ಒಂದೇ ಸಮ ಇರಲಿಲ್ಲ ನೋಡು. ಎಡಗಡೆಯದು ಒಮ್ಮೆ ಮುರಿದಿತ್ತು. ನಾನೇ ಅಪ್ಪಯ್ಯನ ಸಂಗಡ ಪೇಟೆಗೆ ಹೋಗಿ ಬೆಸುಗೆ ಹಾಕಿಸಿಕೊಂಡು ಬಂದದ್ದು” ಎಂದ.

ತಗಡನ್ನು ತೆಗೆದು ದೀಪದ ಕೆಳಗೆ ಹಿಡಿದೆ. ಬಣ್ಣದ ಹೆಕ್ಕಳಿಕೆಯ ಅಡಿಯಲ್ಲಿ ಬೆಸುಗೆಯ ಬೂದು ಗಂಟು ಕೈಗೆ ತಾಗಿತು. ಎಡಗಡೆಯ ಪಟ್ಟಿ ಬಲಗಡೆಯದಕ್ಕಿಂತ ಎರಡರಷ್ಟು ದಪ್ಪವಿತ್ತು. ಗೆರೆ ಎಳೆಯುವಾಗ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಕೈ ತನ್ನಷ್ಟಕ್ಕೆ ಎರಡನ್ನೂ ಸಮ ಮಾಡಿಬಿಟ್ಟಿತ್ತು. ಮತ್ತೆ ಕುಳಿತು ಎಡಗಡೆಯದನ್ನು ದಪ್ಪ ಮಾಡಿದೆ. ಹದಿನಾರು ಚುಕ್ಕಿಯ ಆವೃತ್ತಿಯಲ್ಲಿ ಬಲಕ್ಕೆ ಒಂದು ಚುಕ್ಕಿ, ಎಡಕ್ಕೆ ಎರಡು. ಹನ್ನೊಂದೂವರೆಗೆ ಫೈಲ್ ಕಳಿಸಿ ಮಲಗಿದೆ.

ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಮತ್ತೆ ಫೋನ್ ಬಂತು. “ತುಂಬಾ ಚೆನ್ನಾಗಿದೆ ಮೇಡಂ. ಎಡಗಡೆಯ ಪಟ್ಟಿ ಸ್ವಲ್ಪ ದಪ್ಪವಾಗಿದೆ, ಎರಡನ್ನೂ ಸಮ ಮಾಡಿ ಕಳಿಸಿಬಿಡಲೇ?”

“ಬೇಡ” ಎಂದೆ. “ಅದು ಹಾಗೆಯೇ ಇರಬೇಕು.”