ಬಾಂಬೆರ್ಗ್‌ಗೆ ಹೋಗುವುದಿದ್ದರೆ ಕಟಕ ರೊಟ್ಟಿ ಕಟ್ಟಿಕೊಳ್ಳಿ

ಜರ್ಮನಿಯ ಬಾಂಬೆರ್ಗ್‌ನಲ್ಲಿ ನಾವು ಅರ್ಧ ಲೀಟರ್ ಬಿಯರ್‌ಗಿಂತ ಒಂದು ಬಾಟಲಿ ನೀರಿಗೆ ಹೆಚ್ಚು ದುಡ್ಡು ಕೊಟ್ಟೆವು. ಹುಬ್ಬಳ್ಳಿಯ ಖಾನಾವಳಿಯಲ್ಲಿ ಕುಳಿತ ಕೂಡಲೇ ನೀರು ಬರುತ್ತದೆ. ಅಲ್ಲಿ ಕೇಳಿದರೆ ಬಾಟಲಿ ಬರುತ್ತದೆ, ಅದೂ ಗುಳ್ಳೆಯೇಳುವ ಸೋಡಾ ನೀರು. ನಲ್ಲಿ ನೀರನ್ನೇ ನಿಶ್ಚಿಂತೆಯಿಂದ ಕುಡಿಯಬಹುದು. ಹೊರಡುವ ಮುನ್ನ ಕೋಣೆಯಲ್ಲಿ ತುಂಬಿಕೊಳ್ಳಿ.

ಕೋಣೆಯ ಕಥೆ ಬೇರೆ. ನಿಲ್ದಾಣದ ಹತ್ತಿರವೆಂದು ಹಿಡಿದದ್ದು ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ, ಜುಲೈ ಸೆಕೆಗೆ ಒಂದು ಫ್ಯಾನೂ ಇಲ್ಲ, ಬೆಳಗಿನ ತಿಂಡಿಗೆ ಪ್ರತ್ಯೇಕ ಹಣ. ಸಂಜೆಯಾದ ಮೇಲೆ ಕೇಳೋಣವೆಂದರೆ ಕೌಂಟರಿನಲ್ಲಿ ಮನುಷ್ಯರೇ ಇಲ್ಲ. ಮೊಣಕಾಲು ನೋವಿನ ಅವ್ವ ಪ್ರತಿ ಮೆಟ್ಟಿಲಿಗೂ ನನ್ನನ್ನು ಬೈದಳು. ಹಿರಿಯರು ಜೊತೆಗಿದ್ದರೆ ದರ ನೋಡುವ ಮೊದಲು ಲಿಫ್ಟ್ ಇದೆಯೇ ಎಂದು ಕೇಳಿ.

ಹತ್ತಿರದ ನ್ಯೂರೆಂಬರ್ಗ್ ನಗರದಿಂದ ಬರುವವರಿಗೆ, ಬಾಂಬೆರ್ಗ್ ಇರುವ ಬವೇರಿಯ ರಾಜ್ಯದ ದಿನದ ಗುಂಪು ರೈಲು ಟಿಕೆಟ್ ಅಗ್ಗ. ಆದರೆ ವಾರದ ದಿನಗಳಲ್ಲಿ ಬೆಳಗಿನ ಒಂಬತ್ತರ ನಂತರವೇ ಅದು ನಡೆಯುತ್ತದೆ, ವೇಗದ ಐಸಿಇ ರೈಲಿನಲ್ಲಿ ನಡೆಯುವುದಿಲ್ಲ.

ಊರಿನ ವಿಶೇಷ ಹೊಗೆಯ ಬಿಯರ್. ಮೊಳಕೆ ಬರಿಸಿದ ಬಾರ್ಲಿಯನ್ನು ಬೀಚ್ ಎಂಬ ಕಾಡುಮರದ ಕಟ್ಟಿಗೆಯ ಬೆಂಕಿಯಲ್ಲಿ ಒಣಗಿಸುತ್ತಾರೆ. ಕಾಳಿಗೆ ಹತ್ತಿದ ಹೊಗೆ ಗ್ಲಾಸಿನವರೆಗೂ ಬರುತ್ತದೆ. ಇದನ್ನು ಮಾಡಿ ಮಾರುವ ಬಿಯರ್ ಮನೆಗಳಲ್ಲಿ ಶ್ಲೆಂಕರ್ಲಾ ಹೆಚ್ಚು ಹೆಸರುವಾಸಿ, ಅದರ ಮುಂದೆ ಬೀದಿಯಲ್ಲೇ ಗ್ಲಾಸು ಹಿಡಿದು ನಿಂತವರ ಜಾತ್ರೆ. ನನಗೆ ಗದ್ದಲ ಆಗದು. 1536ರಿಂದ ಇರುವ ಇನ್ನೊಂದು ಬಿಯರ್ ಮನೆ ಸ್ಪೆಟ್ಸಿಯಾಲ್‌ಗೆ ಮಧ್ಯಾಹ್ನವೇ ಹೋದೆವು. ಅಲ್ಲಿ ಅಜ್ಜಂದಿರು, ಕೂಸುಗಳು, ನಾಯಿಗಳು ಎಲ್ಲರೂ ಒಂದೇ ಪಡಸಾಲೆಯಲ್ಲಿ. ಅವ್ವ ನನ್ನ ಗ್ಲಾಸು ಮೂಸಿ, ‘ಬದನೆಕಾಯಿ ಸುಟ್ಟ ವಾಸನೆ’ ಎಂದು ತನ್ನ ಸೇಬಿನ ರಸಕ್ಕೆ ಮರಳಿದಳು. ತಂದೆತಾಯಿ ಜೊತೆಗಿದ್ದರೆ ಹದಿನಾಲ್ಕರ ಹುಡುಗರಿಗೂ ಬಿಯರ್ ಕೊಡಲು ನಾವು ಹೋದಾಗ ಅಲ್ಲಿನ ಕಾನೂನಿನ ಅಡ್ಡಿಯಿರಲಿಲ್ಲ. ಮಗನಿಗೆ ಇದು ಗೊತ್ತಾದದ್ದೇ ತೊಂದರೆಯಾಯಿತು. ನನ್ನಾಕೆ ಕಣ್ಣಲ್ಲೇ ತೀರ್ಪು ಕೊಟ್ಟಳು.

ಆದರೆ ನಾನು ನಿಮ್ಮನ್ನು ಕಳಿಸುವುದು ಗುಡ್ಡದ ಮೇಲಿನ ಬಿಯರ್ ತೋಟಗಳಿಗೆ. ಹಿಂದೆ ಬಿಯರ್ ತಂಪಾಗಿರಲೆಂದು ಬಂಡೆ ಕೊರೆದು ನೆಲಮಾಳಿಗೆ ಮಾಡಿ, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟರು. ಆ ಮರಗಳ ಕೆಳಗೇ ಈಗ ಉದ್ದನೆಯ ಬೆಂಚುಗಳಿವೆ. ಕುಡಿಯುವುದನ್ನು ಅಲ್ಲೇ ಕೊಳ್ಳಬೇಕು, ಊಟವನ್ನು ಮನೆಯಿಂದ ತರಬಹುದು. 1812ರಲ್ಲಿ ಬವೇರಿಯದ ರಾಜ ಮ್ಯೂನಿಕ್‌ನ ಬಿಯರ್ ತಯಾರಕರಿಗೆ ತೋಟದಲ್ಲಿ ಊಟ ಮಾರಬಾರದೆಂದು ಕಟ್ಟುಮಾಡಿದ್ದನಂತೆ. ಬುತ್ತಿಯ ರೂಢಿ ಆ ರಾಜ್ಯದಲ್ಲಿ ಇನ್ನೂ ಇದೆ. ನಾವು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಿಚ್ಚಿದೆವು. ಈರುಳ್ಳಿ ಅಲ್ಲಿಯದೇ, ಬಲು ಸಿಹಿ. ಯಾರೂ ಹುಬ್ಬೇರಿಸಲಿಲ್ಲ. ಪಕ್ಕದ ಮೇಜಿನ ಮುದುಕರೊಬ್ಬರು ಒಂದು ರೊಟ್ಟಿ ಕೇಳಿ ಪಡೆದು, ಎರಡನೆಯದಕ್ಕೂ ಕೈಚಾಚಿದರು. ನಾಲ್ಕು ಜನರ ಹೊಟ್ಟೆ ತುಂಬಿದ್ದು ಪೇಟೆಯಲ್ಲಿ ಒಬ್ಬರ ಊಟಕ್ಕೆ ಆಗುವ ಖರ್ಚಿನಲ್ಲಿ.

ಬಟ್ಟೆ ಹಾಸಿದ ಮೇಜಿಗೆ ಮಾತ್ರ ಬುತ್ತಿ ಒಯ್ಯಬೇಡಿ, ಅವು ಅಲ್ಲಿಯ ಊಟ ತರಿಸುವವರಿಗೆ. ಗ್ಲಾಸಿಗೆ ಠೇವಣಿ ಹಿಡಿದಿದ್ದರೆ ಮರಳಿಸಿ ಹಣ ಪಡೆಯಿರಿ. ಶಾಕಾಹಾರಿಗಳು ಆಲೂಗಡ್ಡೆ ಸಲಾಡ್ ಕೊಳ್ಳುವ ಮುನ್ನ ವಿಚಾರಿಸಿ, ಅದಕ್ಕೆ ಮಾಂಸದ ರಸ ಹಾಕುವುದುಂಟು. ಧಾರವಾಡ ಪೇಡೆಯನ್ನು ಮನೆಯಲ್ಲೇ ಬಿಡಿ: ಹೊರದೇಶದಿಂದ ಹಾಲಿನ, ಮಾಂಸದ ಪದಾರ್ಥ ತರಲು ಐರೋಪ್ಯ ಒಕ್ಕೂಟದಲ್ಲಿ ಬಿಡುವುದಿಲ್ಲ. ಮೊಸರು ಅಲ್ಲಿಯೇ ಸಿಗುತ್ತದೆ, ಶನಿವಾರವೇ ಕೊಳ್ಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ.