ಮಡಕೆಯ ಗೋಡೆಯೊಳಗಿನ ಹುಳುಗಳು

ಜಪಾನಿನ ಇತಿಹಾಸಪೂರ್ವದ ಜೋಮೊನ್ ಕಾಲದ ಮಡಕೆಗಳೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಅವುಗಳ ಮೈಮೇಲಿನ ಹಗ್ಗದ ಗುರುತಿನತ್ತ. 1877ರಲ್ಲಿ ಟೋಕಿಯೋದ ಓಮೊರಿಯಲ್ಲಿ ಚಿಪ್ಪಿನ ದಿಬ್ಬವನ್ನು ಅಗೆದ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ ಕೂಡ ಆ ಗುರುತನ್ನೇ ಹಿಡಿದು ಅವನ್ನು ಹೆಸರಿಸಿದರು. ನನ್ನ ಕುತೂಹಲವೆಲ್ಲ ಒಳಮೈಗೆ ಹತ್ತಿದ ಕರಕಲಿನದು.

ಮೆರುಗು ಲೇಪವಿಲ್ಲದ ಮಣ್ಣು ಜಿಡ್ಡನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮೀನುಸಾರು ಮಾಡಿದ ಮಡಕೆಯಲ್ಲಿ ಹಾಲು ಕಾಯಿಸಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಮೀನಿನ ಕೊಬ್ಬು ತೀವ್ರವಾಗಿ ಕಾದಾಗ ಅದರ ಕೆಲವು ಆಮ್ಲಗಳು ಉಂಗುರವುಳ್ಳ ವಿಶಿಷ್ಟ ಅಣುಗಳಾಗಿ ಮಾರ್ಪಟ್ಟು ಸಾವಿರಾರು ವರ್ಷ ಉಳಿಯುತ್ತವೆ. ಈ ಅಣುಗಳನ್ನೂ ಇಂಗಾಲದ ಐಸೊಟೋಪುಗಳನ್ನೂ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳನ್ನು) ಅಳೆದ ತಂಡವೊಂದು, 13 ನೆಲೆಗಳಿಂದ ತಂದ 101 ಕರಕಲು ಮಾದರಿಗಳನ್ನು ಪರೀಕ್ಷಿಸಿ, ಹಿಮಯುಗದ ಕೊನೆಯ ಆ ಮಡಕೆಗಳಲ್ಲಿ ಬೆಂದದ್ದು ಬಹುಮಟ್ಟಿಗೆ ಮೀನು ಮತ್ತಿತರ ಜಲಚರಗಳೆಂದು 2013ರಲ್ಲಿ ಪ್ರಕಟಿಸಿತು.

ತೊಡಕು ಶುರುವಾಗುವುದೂ ಇಲ್ಲಿಯೇ. ಅಒಮೊರಿ ಪ್ರಾಂತದ ಓಡೈ ಯಾಮಾಮೊತೊ ನೆಲೆಯ ಅಲಂಕಾರವಿಲ್ಲದ ಚೂರುಗಳಿಗೆ ಸುಮಾರು 16,000 ವರ್ಷಗಳಿಗೂ ಹೆಚ್ಚಿನ ವಯಸ್ಸನ್ನು ಕೊಟ್ಟದ್ದು ಅವುಗಳಿಗೆ ಅಂಟಿದ ಕರಕಲಿನ ರೇಡಿಯೋಕಾರ್ಬನ್ ಪರೀಕ್ಷೆ, ಅಂದರೆ ಅದರಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ವಿಧಾನ. ಆದರೆ ಕಡಲಿನ ನೀರಿನಲ್ಲಿರುವ ಇಂಗಾಲ ಗಾಳಿಯಲ್ಲಿರುವುದಕ್ಕಿಂತ ಹಳೆಯದು. ಕಡಲಮೀನಿನ ಕರಕಲು ತನ್ನ ನಿಜವಾದ ವಯಸ್ಸಿಗೆ ನೂರಾರು ವರ್ಷ ಸೇರಿಸಿ ಹೇಳಬಲ್ಲದು. ಹೀಗಾಗಿ ಯಾವುದೇ ಮಡಕೆಯ ಕಾಲವನ್ನು ಕರಕಲಿನಿಂದ ಲೆಕ್ಕಹಾಕುವ ಮೊದಲು ಅದರಲ್ಲಿ ಏನು ಬೇಯುತ್ತಿತ್ತು ಎಂದು ಕೇಳಲೇಬೇಕಾಗುತ್ತದೆ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಮಾಮೊತೊ ವಿಶ್ವವಿದ್ಯಾಲಯದ ಒಬಾತಾ ಹಿರೋಕಿ ಅವರ ಕೆಲಸ. ಹಸಿ ಮಣ್ಣಿಗೆ ಸೇರಿದ ಬೀಜವೋ ಹುಳುವೋ ಸುಡುವಾಗ ಉರಿದುಹೋಗಿ, ಅದರ ಆಕಾರದ ಟೊಳ್ಳು ಮಾತ್ರ ಉಳಿಯುತ್ತದೆ. ಮೇಲ್ಮೈಯ ಟೊಳ್ಳಿಗೆ ಸಿಲಿಕೋನ್ ತುಂಬಿ, ಅಚ್ಚು ತೆಗೆದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಮೊದಲೇ ಇತ್ತು. ಒಳಗೆ ಹುದುಗಿದ್ದನ್ನು ತೋರಿಸಿದ್ದು ಎಕ್ಸ್-ರೇ ಸಿಟಿ ಸ್ಕ್ಯಾನ್. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೋದ ತಾತೆಸಾಕಿ ನೆಲೆಯ ಒಂದೇ ಮಡಕೆಯಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮೂತಿಹುಳುಗಳ ಗುರುತು ಸಿಕ್ಕಿತು. ಇಂದು ನಮ್ಮ ಅಕ್ಕಿ, ಜೋಳಕ್ಕೆ ಹಿಡಿಯುವ ಜಾತಿಯ ಹುಳುವೇ ಅದು. ಅಷ್ಟೊಂದು ಹುಳುಗಳು ತಾವಾಗಿ ಮಣ್ಣಿಗೆ ಬಿದ್ದವೆಂದು ನಂಬುವುದು ನನಗೆ ಕಷ್ಟ. ಯಾರೋ ಬೇಕೆಂದೇ ಕಲಸಿರಬೇಕು. ಅಕ್ಕಿಯಿಲ್ಲದ ಆ ಕಾಲದಲ್ಲಿ ಅವು ತಿಂದು ಬೆಳೆದದ್ದು ಜನ ಕೂಡಿಟ್ಟ, ಗಟ್ಟಿ ಸಿಪ್ಪೆಯ ಕಾಯಿಗಳಾದ ಚೆಸ್ಟ್‌ನಟ್‌ಗಳನ್ನು ಎಂಬುದು ಒಬಾತಾ ಅವರ ವಾದ. ಚೆಸ್ಟ್‌ನಟ್ ಮರವಾದರೋ ಹೊಕ್ಕೈಡೋಗೆ ಸಹಜವಾದದ್ದಲ್ಲ, ದಕ್ಷಿಣದ ಹೊನ್ಶೂ ದ್ವೀಪದಿಂದ ಜನ ಕಡಲು ದಾಟಿಸಿ ತಂದದ್ದು.