ಸ್ಯಾಮ್ ಕಟಕಟೆ ಹತ್ತಿದ ದಿನ

ಮಾರ್ಚ್ 25 ಟೋಲ್ಕಿನ್ ಓದುಗರಿಗೆ ಹಬ್ಬದಂಥ ದಿನ. ಅವನ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯೊಳಗಿನ ತಾರೀಖುಪಟ್ಟಿಯ ಪ್ರಕಾರ, ಹೊತ್ತವರ ಮನಸ್ಸನ್ನೇ ಕೆಡಿಸುವ ಮಾಯಾ ಉಂಗುರ ಜ್ವಾಲಾಮುಖಿಯ ಬೆಂಕಿಗೆ ಬಿದ್ದು, ಅದನ್ನು ಮಾಡಿದ ದುಷ್ಟ ಒಡೆಯ ಸೌರಾನ್‌ನ ಆಟ ಮುಗಿದದ್ದು ಅವತ್ತೇ. ಇಂಗ್ಲೆಂಡಿನ ಟೋಲ್ಕಿನ್ ಸೊಸೈಟಿ 2003ರಿಂದ ಅದನ್ನು ಓದಿನ ದಿನ ಎಂದು ಆಚರಿಸುತ್ತ ಬಂದಿದೆ. ನಮ್ಮ ಗುಂಪಿನ ರೂಢಿಯೂ ಅದೇ. ಆಸುಪಾಸಿನ ಭಾನುವಾರ ಯಾರದಾದರೂ ಮನೆಯಲ್ಲಿ ಸೇರುವುದು, ಒಬ್ಬೊಬ್ಬರು ಇಷ್ಟದ ಪುಟಗಳನ್ನು ಓದುವುದು, ಆಮೇಲೆ ಗಂಟೆಗಟ್ಟಲೆ ಜಗಳ. ಓದು ನೆಪ, ಜಗಳವೇ ಕಾರ್ಯಕ್ರಮ ಅನ್ನುವುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಹೋದ ವರ್ಷ ಗುಂಪಿನ ವಕೀಲ ಗೆಳೆಯ ಆ ನೆಪವನ್ನೂ ಬಿಟ್ಟುಬಿಡೋಣ ಅಂದ. ನೇರ ವಿಚಾರಣೆ. ಒಬ್ಬೊಬ್ಬರೂ ಕಥೆಯ ಒಳ್ಳೆಯವರಲ್ಲಿ ಒಬ್ಬರನ್ನು ಕಟಕಟೆಗೆ ತರಬೇಕು. ಸಮರ್ಥಿಸುವವರು ಯಾರೆಂದು ಚೀಟಿ ಎತ್ತಿ ತೀರ್ಮಾನ. ಸೌರಾನ್, ರಕ್ಕಸರಂಥ ಆರ್ಕ್‌ಗಳೆಲ್ಲ ಲೆಕ್ಕಕ್ಕಿಲ್ಲ; ಕೆಟ್ಟವರ ಕೆಟ್ಟತನದಲ್ಲಿ ವಾದಿಸುವುದಕ್ಕೆ ಏನಿದೆ? ಸಾಕ್ಷಿ ಪುಸ್ತಕದಿಂದಲೇ ಬರಬೇಕು, ಸಿನಿಮಾ ನಡೆಯುವುದಿಲ್ಲ.

ಆ ಕೊನೆಯ ನಿಯಮಕ್ಕೆ ಶುರುವಿನಲ್ಲೇ ತಕರಾರು. ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರು ನಮ್ಮಲ್ಲಿ ಅರ್ಧಕ್ಕರ್ಧ ಇದ್ದಾರೆ. ಆದರೆ ನಿಯಮ ಬೇಕೇ ಬೇಕಿತ್ತು. 2002ರ ಸಿನಿಮಾದಲ್ಲಿ ಗೊಂಡೋರ್ ರಾಜ್ಯದ ದಳಪತಿ ಫರಾಮಿರ್, ಉಂಗುರವನ್ನು ನಾಶಮಾಡಲು ಹೊತ್ತು ಹೊರಟ ಫ್ರೋಡೋ ಎಂಬ ಹಾಬಿಟ್‌ನನ್ನು (ಹಾಬಿಟ್ ಅಂದರೆ ಕುಳ್ಳ ಜನ) ಸೆರೆಹಿಡಿದು ಓಸ್ಗಿಲಿಯಾತ್ ಎಂಬ ಪಾಳುನಗರದವರೆಗೆ ಎಳೆದೊಯ್ಯುತ್ತಾನೆ. ಪುಸ್ತಕದ ಫರಾಮಿರ್ ಉಂಗುರ ಹೆದ್ದಾರಿಯಲ್ಲಿ ಬಿದ್ದಿದ್ದರೂ ಮುಟ್ಟೆ ಅಂದವನು, ಅಂದಂತೆ ನಡೆದವನು. ಹೆಸರೊಂದೇ, ಆಸಾಮಿ ಬೇರೆ. ಒಬ್ಬ ಮಾಡಿದ ತಪ್ಪಿಗೆ ಇನ್ನೊಬ್ಬನನ್ನು ವಿಚಾರಣೆಗೆ ಎಳೆಯುವುದು ಹೇಗೆ?

ಮೊದಲ ಆರೋಪಿ, ಹೇಳಬೇಕಾದ್ದೇ ಇಲ್ಲ, ಫರಾಮಿರ್‌ನ ಅಣ್ಣ ಬೊರೊಮಿರ್. ವಕೀಲ ತಾನೇ ತಂದಿದ್ದ. ಕಾಪಾಡುತ್ತೇನೆಂದು ಜೊತೆಗೆ ಹೊರಟವನು ತನ್ನ ಎದೆಮಟ್ಟಕ್ಕೂ ಬಾರದ ಒಬ್ಬ ಹಾಬಿಟ್‌ನ ಮೇಲೆ ಕೈಮಾಡಿದ. ಆಮೇಲೆ ಪ್ರಾಣ ಕೊಟ್ಟ ಮಾತ್ರಕ್ಕೆ ಅದು ಅಳಿಸಿಹೋಗುತ್ತದೆಯೇ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗಾದೆ ಒಗೆದ. ಎದುರಿಗಿದ್ದವಳು ಒಂದೇ ಮಾತಿನಲ್ಲಿ ಮುಗಿಸಿದಳು. ಮೈತುಂಬ ಬಾಣ ನಾಟಿ ಮರಕ್ಕೊರಗಿ ಕೂತವನು ಜೊತೆಗಾರ ಅರಗಾರ್ನ್‌ಗೆ ಹೇಳುವ ಮೊದಲ ಮಾತೇ ತಾನು ಉಂಗುರ ಕಸಿಯಲು ಹೋದೆ ಎಂಬುದು. ಸುತ್ತ ಸತ್ತುಬಿದ್ದ ಆರ್ಕ್‌ಗಳ ರಾಶಿ ತೋರಿಸಿ ವೀರನಾಗಿ ಸಾಯಬಹುದಿತ್ತು, ನೋಡಿದವರು ಯಾರೂ ಇರಲಿಲ್ಲ, ಆದರೂ ಬಾಯಿಬಿಟ್ಟ. ಬೊರೊಮಿರ್ ವಾದ ಯಾವಾಗಲೂ ಹೀಗೇ, ಕೊನೆಗೆ ಎಲ್ಲರ ಗಂಟಲೂ ಕಟ್ಟಿ ಖುಲಾಸೆ. ನನಗಂತೂ ಅದು ಸಾಕಾಗಿಹೋಗಿದೆ.

ಹಿಂದಿನ ಕಾಲದಲ್ಲಿ ಸೌರಾನ್‌ನ ಕೈಯಿಂದ ಉಂಗುರ ಕತ್ತರಿಸಿ ತೆಗೆದ ರಾಜ ಇಸಿಲ್ದೂರ್‌ನ ಸರದಿಯಲ್ಲಿ ಸಿನಿಮಾದವರು ಸ್ವಲ್ಪ ತಬ್ಬಿಬ್ಬಾದರು. ಅವರ ಪಾಲಿಗೆ ಅವನು ಬೆಂಕಿಯ ಬಾಯಲ್ಲಿ ನಿಂತು ಉಂಗುರ ಹಿಡಿದು ವಾಪಸು ತಿರುಗಿದ ಆಸೆಬುರುಕ. 1980ರಲ್ಲಿ ಬಂದ ಟೋಲ್ಕಿನ್‌ನ ‘ಅನ್‌ಫಿನಿಶ್ಡ್ ಟೇಲ್ಸ್’ನಲ್ಲಿ ಬೇರೆ ಚಿತ್ರವಿದೆ: ಎರಡು ವರ್ಷಗಳ ನಂತರ ಅವನು ಎಲ್ಫ್ ಎಂಬ ಅಮರ ಜನರ ನೆಲೆಯಾದ ರಿವೆಂಡೆಲ್ ಕಡೆ ಹೊರಟಿದ್ದ, ಇದನ್ನು ಆಳುವ ಶಕ್ತಿ ತನಗಿಲ್ಲ, ಎಲ್ಫ್‌ಗಳ ಮೂರು ಉಂಗುರಗಳನ್ನು ಕಾಯುವವರಿಗೆ ಒಪ್ಪಿಸಬೇಕು ಎಂಬುದು ಅಷ್ಟರಲ್ಲಿ ಮನದಟ್ಟಾಗಿತ್ತು. ದಾರಿಯಲ್ಲೇ ಆರ್ಕ್‌ಗಳ ಬಾಣಕ್ಕೆ ಬಲಿಯಾದ. ಇನ್ನೊಬ್ಬ ಎಲ್ಫ್ ರಾಜಕುಮಾರ ಫೆಯನೋರ್‌ನನ್ನು ತಂದ. ಹಡಗುಗಳಿಗಾಗಿ ಸ್ವಂತ ಬಂಧುಗಳ ರಕ್ತ ಹರಿಸಿದವನನ್ನು ‘ಒಳ್ಳೆಯವರ’ ಪಟ್ಟಿಗೆ ಸೇರಿಸಿದ್ದು ಯಾರು ಎಂಬ ಆಕ್ಷೇಪದಲ್ಲೇ ಅವನ ಸಮಯ ಮುಗಿಯಿತು.

ಆಮೇಲೆ ಇನ್ನೊಬ್ಬ ಗೆಳತಿ ಎದ್ದಳು. ಗುಂಪಿನಲ್ಲಿ ಅತಿ ಕಡಿಮೆ ಮಾತಿನವಳು. ಕೈಯಲ್ಲಿ ಎರಡನೆಯ ಸಂಪುಟ, ಅದರಲ್ಲಿ ಒಂದೇ ಒಂದು ಗುರುತುಚೀಟಿ. “ಸ್ಯಾಮ್‌ವೈಸ್ ಗ್ಯಾಮ್ಜಿ” ಅಂದಳು.

ಕೋಣೆಯಲ್ಲಿ ನಗು. ಸ್ಯಾಮ್! ಫ್ರೋಡೋನ ತೋಟದ ಮಾಲಿ, ಒಡೆಯನನ್ನು ಬೆನ್ನ ಮೇಲೆ ಹೊತ್ತು ಜ್ವಾಲಾಮುಖಿ ಹತ್ತಿದವನು. ಉಂಗುರವನ್ನು ಕೊರಳಿಗೆ ಹಾಕಿಕೊಂಡೂ ತಾನಾಗಿ ಬಿಚ್ಚಿಕೊಟ್ಟವನು. ಕರ್ಣ ಸರಿಯೋ ತಪ್ಪೋ ಎಂದು ಚಿಕ್ಕಂದಿನಿಂದ ಕಿತ್ತಾಡಿದ ನಮ್ಮಂಥವರೂ ಸ್ಯಾಮ್ ವಿಷಯದಲ್ಲಿ ಎರಡು ಮಾತಾಡಿದ್ದಿಲ್ಲ. ಚೀಟಿ ಎತ್ತಿದಾಗ ಬಂದದ್ದು ನನ್ನ ಹೆಸರು. ಇಷ್ಟು ಸುಲಭದ ಕೇಸು ಸಿಕ್ಕಿತಲ್ಲ ಎಂದು ಕಾಲು ಚಾಚಿ ಕೂತೆ.

ಅವಳು ವಾದಿಸಲಿಲ್ಲ, ಬರೀ ಓದಿದಳು. ಸೌರಾನ್‌ನ ನಾಡಿಗೆ ಹೋಗುವ ಸಿರಿತ್ ಉಂಗೋಲ್ ಕಣಿವೆದಾರಿಯ ಮೆಟ್ಟಿಲುಗಳ ಮೇಲಿನ ಭಾಗ. ಫ್ರೋಡೋ ಸ್ಯಾಮ್‌ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಕಾವಲಿರಬೇಕಾದ ಸ್ಯಾಮ್‌ಗೂ ನಿದ್ದೆ ಹತ್ತಿದೆ, ಒಂದು ಕೈ ಒಡೆಯನ ಹಣೆಯ ಮೇಲಿದೆ. ಹಿಂದೆ ಬಹುಕಾಲ ಉಂಗುರ ಇಟ್ಟುಕೊಂಡು ಹಾಳಾದ, ಈಗ ಇವರಿಗೆ ದಾರಿ ತೋರಿಸುತ್ತಿರುವ ಗೊಲ್ಲಮ್ ಎಲ್ಲಿಂದಲೋ ತೆವಳಿಕೊಂಡು ಬಂದು ಇಬ್ಬರನ್ನೂ ನೋಡುತ್ತಾನೆ. ಅವನ ಕಣ್ಣಿನ ಹೊಳಪು ಆರಿ, ಅವು ಮಂಕಾಗಿ, ಮುಪ್ಪಾಗಿ, ದಣಿದುಹೋಗುತ್ತವೆ. ನೋವಿನಿಂದ ಹಿಂಡಿದಂತೆ ಮೈ ಮುರಿಯುತ್ತದೆ. ಮುಖ ತಿರುಗಿಸಿ ಕಣಿವೆಯತ್ತ ನೋಡಿ ತನ್ನೊಳಗೇ ಯಾರೊಡನೆಯೋ ವಾದಿಸುವವನಂತೆ ತಲೆಯಾಡಿಸುತ್ತಾನೆ. ಮತ್ತೆ ಹತ್ತಿರ ಬಂದು, ನಡುಗುವ ಕೈ ಚಾಚಿ, ಫ್ರೋಡೋನ ಮೊಣಕಾಲನ್ನು ಮುಟ್ಟಿಯೂ ಮುಟ್ಟದಂತೆ ಸವರುತ್ತಾನೆ. ಆ ಕ್ಷಣದಲ್ಲಿ ಮಲಗಿದವರು ಕಣ್ಣುಬಿಟ್ಟಿದ್ದರೆ ಅವರಿಗೆ ಕಾಣುತ್ತಿದ್ದದ್ದು ಗೊಲ್ಲಮ್ ಅಲ್ಲ, ನೆಂಟರು ಗೆಳೆಯರೆಲ್ಲ ಎಂದೋ ತೀರಿಹೋಗಿ ತಾನೊಬ್ಬನೇ ಉಳಿದ ಮುದಿ ಹಾಬಿಟ್.

ಫ್ರೋಡೋ ನಿದ್ದೆಯಲ್ಲೇ ನರಳುತ್ತಾನೆ, ಸ್ಯಾಮ್ ಥಟ್ಟನೆ ಏಳುತ್ತಾನೆ. ಅವನಿಗೆ ಕಾಣುವುದು ಒಡೆಯನ ಮೈಮೇಲೆ ಆಡುತ್ತಿರುವ ಗೊಲ್ಲಮ್‌ನ ಕೈ. ಏನು ಮಾಡ್ತಿದ್ದೀಯ ಎಂದು ಗದರುತ್ತಾನೆ. ಏನಿಲ್ಲ, ಏನಿಲ್ಲ, ಒಳ್ಳೆ ಒಡೆಯ ಎಂದು ಗೊಲ್ಲಮ್ ಮೆಲ್ಲಗೆ ಅನ್ನುತ್ತಾನೆ. ಸ್ಯಾಮ್ ಬಿಡುವುದಿಲ್ಲ, ಎಲ್ಲಿಗೆ ಕದ್ದು ಹೋಗಿದ್ದೆ, ಯಾಕೆ ಕದ್ದು ಬಂದೆ, ಹಳೇ ಖದೀಮ ಎನ್ನುತ್ತಾನೆ. ಗೊಲ್ಲಮ್‌ನ ಕಣ್ಣಿಗೆ ಹಸಿರು ಹೊಳಪು ಮರಳುತ್ತದೆ, ಅಲ್ಲಿಗೆ ಆ ಗಳಿಗೆ ಕೈತಪ್ಪಿತು.

ಓದಿ ಮುಗಿಸಿ, “ಇಷ್ಟೇ ನನ್ನ ಆರೋಪ” ಎಂದು ಕೂತಳು.

2003ರ ಸಿನಿಮಾದಲ್ಲಿ ಈ ದೃಶ್ಯ ಇಲ್ಲ. ಅದೇ ಮೆಟ್ಟಿಲುಗಳ ಮೇಲೆ ಅಲ್ಲಿ ನಡೆಯುವುದು ಗೊಲ್ಲಮ್‌ನ ಕುತಂತ್ರ, ಫ್ರೋಡೋ ಸ್ಯಾಮ್‌ನನ್ನೇ ಮನೆಗೆ ಹೋಗೆನ್ನುವುದು, ಸ್ಯಾಮ್‌ನ ಕಣ್ಣೀರು. ಹಾಗಾಗಿ ಕೋಣೆಯಲ್ಲಿ ಕೆಲವರು ಇದನ್ನು ಮೊದಲ ಸಲ ಕೇಳುತ್ತಿದ್ದಂತಿತ್ತು. ಅವರ ಮುಖ ನೋಡಿ ನಾನು ಕಾಲು ಮಡಚಿ ನೆಟ್ಟಗೆ ಕೂತೆ.

ನನ್ನ ಹತ್ತಿರ ಸರಕು ಇರಲಿಲ್ಲವೆಂದಲ್ಲ. ಜೌಗು ದಾಟಿದ ಮೇಲೆ ಒಂದು ಸಂಜೆ ಗೊಲ್ಲಮ್ ತನ್ನ ಎರಡು ದನಿಗಳಲ್ಲಿ ತನ್ನೊಡನೆ ತಾನೇ ಚರ್ಚಿಸುವುದನ್ನು ಸ್ಯಾಮ್ ನಿದ್ದೆ ನಟಿಸುತ್ತ ಕೇಳಿಸಿಕೊಂಡಿದ್ದಾನೆ. ‘ಅವಳು’ ಸಹಾಯ ಮಾಡಬಹುದು ಎಂಬ ಮಾತು ಅವನ ಕಿವಿಗೆ ಬಿದ್ದಿದೆ. ಆ ‘ಅವಳು’ ಶೆಲೋಬ್ ಎಂಬ ರಾಕ್ಷಸ ಜೇಡ ಎಂದು ಅವನಿಗೆ ತಿಳಿಯದಿದ್ದರೂ ಸಂಚು ಸಂಚೇ. ಮೆಟ್ಟಿಲ ಮೇಲೆ ಆ ಗಳಿಗೆ ಬರುವ ಹೊತ್ತಿಗೆ ಗೊಲ್ಲಮ್ ಅವಳ ಗುಹೆಗೆ ಹೋಗಿ ವಾಪಸು ಬಂದಾಗಿತ್ತು. ಎಂದಮೇಲೆ ಸ್ಯಾಮ್‌ನ ಅನುಮಾನದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇನ್ನೂ ಒಂದು: ಎಲ್ಲರೂ ಮರೆಯುವ ಎರಡು ಸಾಲು ಕೆಳಗಿವೆ. ಸ್ಯಾಮ್ ಕ್ಷಮೆ ಕೇಳುತ್ತಾನೆ. ನಿದ್ದೆಯಿಂದ ಬೆಚ್ಚಿ ಎದ್ದೆ, ನಿದ್ದೆ ಹೋಗಬಾರದಿತ್ತು, ಅದಕ್ಕೇ ಮಾತು ಒರಟಾಯಿತು ಅನ್ನುತ್ತಾನೆ. ಇಷ್ಟು ಪ್ರಾಮಾಣಿಕ ಆರೋಪಿ ನಿಮಗೆ ಇಡೀ ಗ್ರಂಥದಲ್ಲಿ ಸಿಗುತ್ತಾನಾ ಎಂದು ಕೇಳಿದೆ.

ವಕೀಲ ಮೆಚ್ಚಿ ತಲೆದೂಗಿದ. ಅವಳು ದೂಗಲಿಲ್ಲ. “ಅವನ ಅನುಮಾನ ಸುಳ್ಳೆಂದು ನಾನೆಲ್ಲಿ ಅಂದೆ? ನಿಜವಾಗಿತ್ತು, ಅದಕ್ಕೇ ಅವನಿಗೆ ಬೇರೇನೂ ಕಾಣಲಿಲ್ಲ” ಅಂದಳು.

ಈ ಮಾತು ನನಗೆ ಈಗಲೂ ಕಿರಿಕಿರಿ ಮಾಡುತ್ತದೆ. ಬೊರೊಮಿರ್, ಅವನ ಅಪ್ಪ ಡೆನೆತೋರ್, ಇಸಿಲ್ದೂರ್ ಎಲ್ಲರದೂ ಗುರುತು ಹಿಡಿಯಬಹುದಾದ ತಪ್ಪುಗಳು. ಒಬ್ಬನದು ಆಸೆ, ಒಬ್ಬನದು ಹತಾಶೆ, ಇನ್ನೊಬ್ಬನದು ಸೊಕ್ಕು. ನಮಗೇನೂ ಅಂಥ ಆಸೆಯಿಲ್ಲ ಎಂದುಕೊಂಡು ಅವರನ್ನು ನಿರಾಳವಾಗಿ ಜಾಲಾಡಬಹುದು. ಸ್ಯಾಮ್‌ನದು ಸರಿಯಾಗಿದ್ದವನ ತಪ್ಪು. ಪ್ರೀತಿಸುವವರನ್ನು ಕಾಯುತ್ತ, ಕಾಯುತ್ತ, ಎದುರಿಗಿರುವವನ ಮೇಲೆ ಒಂದೇ ಒಂದು ಹೆಸರು ಅಂಟಿಸಿ, ಆ ಹೆಸರಿನಾಚೆ ಅವನು ಕಾಲಿಡಲು ಹೊರಟಾಗ ಬಾಗಿಲು ಹಾಕಿಬಿಡುವ ತಪ್ಪು. ಇದಕ್ಕೆ ಯಾವ ದಂಡಸಂಹಿತೆಯ ಯಾವ ಕಲಮು ಹಾಕುತ್ತೀರಿ?

ಆಮೇಲೆ ಅವಳು ಟೋಲ್ಕಿನ್‌ನನ್ನೇ ಸಾಕ್ಷಿಗೆ ಕರೆದಳು. 1963ರಲ್ಲಿ ಓದುಗಳೊಬ್ಬಳಿಗೆ ಬರೆದ ಉದ್ದದ ಪತ್ರವಿದೆ, 1981ರಲ್ಲಿ ಬಂದ ಪತ್ರಸಂಗ್ರಹದಲ್ಲಿ 246ನೆಯದು. ತನ್ನ ಪಾಲಿಗೆ ಬಹುಶಃ ಕಥೆಯ ಅತ್ಯಂತ ದುರಂತದ ಗಳಿಗೆ ಇದೇ ಎಂದು ಅವನು ಅಲ್ಲಿ ಹೇಳುತ್ತಾನೆ. ಗೊಲ್ಲಮ್‌ನ ದನಿಯೂ ರೂಪವೂ ಪೂರ್ತಿ ಬದಲಾದದ್ದನ್ನು ಸ್ಯಾಮ್ ಗಮನಿಸಲಿಲ್ಲ, ಪಶ್ಚಾತ್ತಾಪ ಮೊಳಕೆಯಲ್ಲೇ ಕಮರಿತು, ಶೆಲೋಬ್‌ನ ಗುಹೆ ಅನಿವಾರ್ಯವಾಯಿತು. ನಾನು ಅದೇ ಪತ್ರದ ಇನ್ನೊಂದು ಸಾಲು ಹಿಡಿದೆ: ಸ್ಯಾಮ್ ಬೇರೆ ರೀತಿ ನಡೆದುಕೊಳ್ಳುವುದು ಸಾಧ್ಯವೇ ಇರಲಿಲ್ಲವೆಂಬಂತೆಯೂ ಅವನೇ ಬರೆದಿದ್ದಾನೆ. ಒಂದೇ ಸಾಕ್ಷಿ, ಎರಡೂ ಕಡೆಗೆ ಅನುಕೂಲ. ಪಾಟೀಸವಾಲಿಗೆ ಅವನಂತೂ ಸಿಗುವುದಿಲ್ಲ.

ಅಷ್ಟರಲ್ಲಿ ಕಿಟಕಿ ಪಕ್ಕ ಕೂತಿದ್ದ ಹುಡುಗನೊಬ್ಬ, ಆ ವರ್ಷವಷ್ಟೇ ಪುಸ್ತಕ ಮುಗಿಸಿದವನು, ಬಾಂಬು ಹಾಕಿದ. ಗೊಲ್ಲಮ್ ಒಳ್ಳೆಯವನಾಗಿಬಿಟ್ಟಿದ್ದರೆ ಉಂಗುರವನ್ನು ಬೆಂಕಿಗೆ ಹಾಕುತ್ತಿದ್ದವರು ಯಾರು? ಕೊನೆಗೆ ಫ್ರೋಡೋ ಅಂತೂ ಹಾಕಲಿಲ್ಲವಲ್ಲ, ಇದು ನನ್ನದು ಎಂದು ಬೆರಳಿಗೇ ಹಾಕಿಕೊಂಡ. ಗೊಲ್ಲಮ್ ಆ ಬೆರಳನ್ನೇ ಕಚ್ಚಿ ತೆಗೆದು, ಕುಣಿಯುತ್ತ ಕಾಲು ತಪ್ಪಿ ಬಿದ್ದದ್ದರಿಂದ ಲೋಕ ಉಳಿಯಿತು. ಅಂದರೆ ಸ್ಯಾಮ್‌ನ ಬೈಗುಳವೇ ಲೋಕ ಉಳಿಸಿತು!

ಪತ್ರ ಗೊತ್ತಿದ್ದವರು ಒಟ್ಟಿಗೇ ಕೂಗಿದರು. ಈ ಪ್ರಶ್ನೆಗೂ ಟೋಲ್ಕಿನ್ ಅಲ್ಲೇ ಉತ್ತರ ಕೊಟ್ಟಿದ್ದಾನೆ. ಸ್ಯಾಮ್ ಆ ಗಳಿಗೆ ಕೆಡಿಸದಿದ್ದರೆ ಗೊಲ್ಲಮ್‌ನೊಳಗೆ ಫ್ರೋಡೋನ ಮೇಲಿನ ಪ್ರೀತಿಯೂ ಉಂಗುರದ ಮೋಹವೂ ಕಾದಾಡುತ್ತಿದ್ದವಂತೆ. ಮೋಹವನ್ನು ಗೆಲ್ಲುವ ಶಕ್ತಿ ಅವನಿಗಿರಲಿಲ್ಲ, ಉಂಗುರವನ್ನು ಕದಿಯುತ್ತಲೋ ಕಸಿಯುತ್ತಲೋ ಇದ್ದ. ಆದರೆ ಕೈಗೆ ಸಿಕ್ಕ ಮೇಲೆ ಫ್ರೋಡೋಗಾಗಿ ತಾನಾಗಿಯೇ ಬೆಂಕಿಗೆ ಹಾರುತ್ತಿದ್ದ. ಫಲ ಅದೇ, ಬಿದ್ದು ಸಾಯುವುದರ ಬದಲು ಹಾರಿ ಸಾಯುವುದು. ಹುಡುಗ ಒಪ್ಪಲಿಲ್ಲ. ಬರೆಯದ ಕಥೆಯನ್ನು ಸಾಕ್ಷಿಯಾಗಿ ತರುವಂತಿಲ್ಲ, ಬರೆದವನೇ ತಂದರೂ ಸರಿ ಅಂದ. ಕಾನೂನಿನ ಪ್ರಕಾರ ಅವನದು ಗಟ್ಟಿ ಮಾತು ಎಂದು ವಕೀಲ ತೀರ್ಪಿತ್ತ.

ನನಗೆ ಅಲ್ಲೊಂದು ದಾರಿ ಕಂಡಿತು. ಸ್ಯಾಮ್‌ನನ್ನು ಬಿಡಿಸಬೇಕಾದರೆ ಫ್ರೋಡೋನನ್ನು ಎಳೆಯಬೇಕು. ಗೊಲ್ಲಮ್ ವಿಷಯದಲ್ಲಿ ಫ್ರೋಡೋ ಕರುಣಾಳು, ಸ್ಯಾಮ್ ಕಟುಕ ಎಂದು ಎಲ್ಲರೂ ಹಂಚಿಕೊಟ್ಟಿದ್ದೇವಲ್ಲ, ಪುಟ ತಿರುಗಿಸಿ ನೋಡಿ ಅಂದೆ. ಉಂಗುರ ಧರಿಸಿ ಆಜ್ಞೆ ಮಾಡಿದರೆ ಬೆಂಕಿಗೆ ಹಾರೆಂದರೂ ನೀನು ಹಾರಬೇಕಾಗುತ್ತದೆ ಎಂದು ಗೊಲ್ಲಮ್‌ಗೆ ಹೇಳಿದವನು ಫ್ರೋಡೋ, ಅದೂ ಶಾಂತವಾಗಿ. ನಿಷಿದ್ಧ ಕೊಳದಲ್ಲಿ ಮೀನು ಹಿಡಿಯುತ್ತಿದ್ದವನನ್ನು ನಂಬಿಸಿ ಹತ್ತಿರ ಕರೆದು ಫರಾಮಿರ್‌ನ ಜನರ ಕೈಗೆ ಸಿಗುವಂತೆ ಮಾಡಿದವನೂ ಅವನೇ. ಜೀವ ಉಳಿಸಲಿಕ್ಕೇ ಮಾಡಿದ, ನಿಜ. ಗೊಲ್ಲಮ್ ಪಾಲಿಗೆ ಅದು ನಂಬಿಕೆದ್ರೋಹ. ಅವನ ಮನಸ್ಸು ಅಲ್ಲೇ ಅರ್ಧ ಮುರಿದಿತ್ತು. ಮೆಟ್ಟಿಲ ಮೇಲೆ ಸ್ಯಾಮ್ ಉಳಿದರ್ಧ ಮುರಿದ. ಜ್ವಾಲಾಮುಖಿಯ ಇಳಿಜಾರಿನಲ್ಲಿ, ಇನ್ನೊಮ್ಮೆ ನನ್ನನ್ನು ಮುಟ್ಟಿದರೆ ಬೆಂಕಿಗೆ ಬೀಳುತ್ತೀ ಎಂದು ಫ್ರೋಡೋ ಹೇಳುತ್ತಾನೆ, ಹಾಗೇ ಆಗುತ್ತದೆ. ಅದೇ ಇಳಿಜಾರಿನಲ್ಲಿ ಕತ್ತಿ ಹಿರಿದು ನಿಂತ ಸ್ಯಾಮ್ ಮಾತ್ರ ಗೊಲ್ಲಮ್‌ನನ್ನು ಕೊಲ್ಲಲಾರದೆ ಬಿಟ್ಟುಬಿಡುತ್ತಾನೆ. ಸ್ವಲ್ಪ ಹೊತ್ತಾದರೂ ಉಂಗುರ ಹೊತ್ತಿದ್ದವನಿಗೆ ಆ ನವೆದುಹೋದ ಜೀವದ ಸಂಕಟ ಅಷ್ಟಿಷ್ಟು ತಿಳಿದಿತ್ತು. ಕರುಣೆ ಕಡೆಗೂ ಬಂತಲ್ಲ, ಇನ್ನೇನು ಬೇಕು?

“ತಡವಾಗಿ ಬಂತು” ಅಂದಳು. ಅವಳು ಈ ಮಾತನ್ನೂ ಅದೇ ಪತ್ರದಿಂದ ಎತ್ತಿದ್ದಳೆಂದು ಗೊತ್ತಿತ್ತು, ಹೇಳಲಿಲ್ಲ. ಬದಲಿಗೆ, ಆ ತಡವಾದ ಕರುಣೆಯಿಂದಲೇ ಗೊಲ್ಲಮ್ ಬದುಕುಳಿದು ಮೇಲೆ ಬಂದ, ಉಂಗುರ ನಾಶವಾಯಿತು ಅಂದೆ. ಲೋಕಕ್ಕೆ ತಡವಾಗಲಿಲ್ಲ, ಗೊಲ್ಲಮ್‌ಗೆ ತಡವಾಯಿತು ಅಂದಳು. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇದ್ದಿದ್ದರೂ ಹೇಳುವ ಹೊತ್ತಿಗೆ ಫ್ರೋಡೋ ಅಭಿಮಾನಿಗಳು ನನ್ನ ಮೇಲೆ ಬಿದ್ದಾಗಿತ್ತು. ಕಕ್ಷಿದಾರನನ್ನು ಬಿಡಿಸಲು ಅವನ ಒಡೆಯನನ್ನೇ ಸಿಕ್ಕಿಸಿದ ಇಂಥ ಲಾಯರು ಸ್ಯಾಮ್‌ಗೆ ಬೇಕಿರಲಿಲ್ಲ, ಅವನೇ ಇವನ ವಕಾಲತ್ತು ರದ್ದು ಮಾಡುತ್ತಿದ್ದ ಎಂದು ಒಬ್ಬಳು ಕೂಗಿದಳು. ಅದು ಮಾತ್ರ ನೂರಕ್ಕೆ ನೂರು ನಿಜ, ಸ್ಯಾಮ್ ಹಾಗೇ ಮಾಡುತ್ತಿದ್ದ.

ತೀರ್ಪಿಗೆ ಕೈ ಎತ್ತಿಸಿದಾಗ ಎರಡೂ ಕಡೆ ಸಮ. ಕಿಟಕಿ ಪಕ್ಕದ ಹುಡುಗ ಯಾವ ಕಡೆಗೂ ಕೈ ಎತ್ತಿರಲಿಲ್ಲ. ಯಾಕೋ ಎಂದು ಕೇಳಿದರೆ, ನೀವೆಲ್ಲ ಚಿಲ್ಲರೆ ಕೇಸು ನಡೆಸುತ್ತಿದ್ದೀರಿ, ಅಸಲಿ ಆರೋಪಿ ಹೊರಗೆ ಓಡಾಡಿಕೊಂಡಿದ್ದಾನೆ ಅಂದ. ಫ್ರೋಡೋನ ಬಂಧು ಬಿಲ್ಬೋ ಬಿಟ್ಟುಹೋದ ಉಂಗುರದ ಮೇಲೆ ಮೊದಲೇ ಗುಮಾನಿಯಿದ್ದೂ, ಖಚಿತ ಮಾಡಿಕೊಂಡು ಬರುತ್ತೇನೆಂದು ಅದನ್ನು 17 ವರ್ಷ ಫ್ರೋಡೋನ ಹತ್ತಿರವೇ ಬಿಟ್ಟಿದ್ದವನು ಯಾರು? ಮುಂದಿನ ಮಾರ್ಚ್‌ಗೆ ಮಾಂತ್ರಿಕ ಗ್ಯಾಂಡಾಲ್ಫ್‌ನ ಮೇಲೆ ತಾನೇ ದೂರು ದಾಖಲಿಸುತ್ತೇನೆ ಅಂದ. ವಕೀಲ ಆಗಲೇ ಚೀಟಿ ಹರಿಯತೊಡಗಿದ್ದ. ನನ್ನ ಹೆಸರು ಬರೆಯಬೇಡ ಎಂದು ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ.